ಕೊನೆಯ ಮಾತಿನ ಕಳ್ಳ

ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಹೊತ್ತಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ನೆರೆಮನೆಯವರು ಸಲಿಗೆಯಿಂದ ಬಡಿಯುವ ಸದ್ದಲ್ಲ ಅದು. ಅಧಿಕಾರವಿದ್ದೂ ಅದನ್ನು ಬಳಸಲು ಸ್ವಲ್ಪ ಸಂಕೋಚಪಡುವವರು ಬಡಿಯುವ ಸದ್ದು. ಸೆರಗಿಗೆ ಕೈ ಒರೆಸಿಕೊಂಡು ಚಿಲಕ ತೆಗೆದೆ. ಹೊಸ್ತಿಲಾಚೆ ನಮ್ಮೂರ ಸವಾರರ ಸಂಘದ ಅಧ್ಯಕ್ಷ ಪರಪ್ಪ ಪಟ್ಟೇದರು ನಿಂತಿದ್ದರು. ಅವರ ಹಿಂದೆ ಸಂಘದ ಸದಸ್ಯ ಫಕ್ರುಸಾಬ, ಅವನ ಹಿಂದೆ ಬ್ಯಾಟರಿ ಹಿಡಿದ ಇಬ್ಬರು.

“ಇಂದಕ್ಕ, ಮನ್ಯಾಗ ಅದೀರಿ?” ಎಂದು ಕೇಳಿದರು ಪಟ್ಟೇದರು.

“ಕಣ್ಣಿಗೆ ಕಾಣಸ್ತೀನಲ್ರಿ.”

“ಕತ್ತಲಾದ ಮ್ಯಾಲ ಹೊರಗ ಬಿದ್ದಿಲ್ಲ?”

“ಇಲ್ಲ.”

“ನಿಮ್ಮ ಯಜಮಾನ್ರು?”

ಉತ್ತರವನ್ನು ನಾನು ಕೊಡಬೇಕಾಗಲಿಲ್ಲ. ಒಳಕೋಣೆಯಿಂದ ಶೇಷಗಿರಿಯ ಗೊರಕೆ ಗೋಡೆ ದಾಟಿ ಬಂತು. ಫಕ್ರುಸಾಬ ಕಿವಿಗೊಟ್ಟು ಕೇಳಿ, “ಇದು ಗೊರಕಿ ಅಲ್ರೀ, ಸಾಕ್ಷಿ,” ಎಂದ.

ಪಟ್ಟೇದರು ನಗಲಿಲ್ಲ. ಹಿಂದಿದ್ದವರ ಕಡೆ ತಿರುಗಿ, “ಎಲ್ಲಾರೂ ನೆನಪಿಟ್ಕೋರಿ. ಗಂಡ ಹೆಂಡ್ತಿ ಇಬ್ಬರೂ ಮನ್ಯಾಗ ಇದ್ದರು. ಇವರ ಮ್ಯಾಲ ಇನ್ನ ಯಾರೂ ಬೊಟ್ಟು ಮಾಡಬಾರದು,” ಎಂದು ಹೇಳಿ, ನನಗೆ ಒಮ್ಮೆ ತಲೆಬಾಗಿ ಮೆಟ್ಟಿಲಿಳಿದುಹೋದರು. ಬ್ಯಾಟರಿಯ ಬೆಳಕು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಬಂದದ್ದೇಕೆಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇವರು ಹುಡುಕುತ್ತ ಬಂದಿದ್ದಾರೆಂದರೆ ಕಳ್ಳ ಇನ್ನೂ ಸಿಕ್ಕಿಲ್ಲ ಎಂದರ್ಥ. ಸಿಕ್ಕಿಲ್ಲ ಎಂದರೆ ನಾನು ಗೆಲ್ಲುವ ಸಾಧ್ಯತೆ ಇನ್ನೂ ಉಳಿದಿದೆ.

ನಮ್ಮೂರಿನಲ್ಲಿ ಹೊಸ ವಾಹನವೆಂದರೆ ಹೆಪ್ಪು ಹಾಕಿದ ಹಾಲಿನ ಹಾಗೆ. ಮೊದಲ ಒಂದು ವಾರ ಅದಕ್ಕೆ ನೆಲೆಯಾದ ರೂಪವಿಲ್ಲ; ಸುತ್ತ ನಿಂತವರು ಏನನ್ನುತ್ತಾರೋ ಅದರತ್ತ ತಿರುಗುತ್ತದೆ. ವಾರ ಕಳೆದು ಒಡೆಯ ಅದನ್ನು ಘಟ್ಟದ ತುದಿಯ ಗಡಿಕಲ್ಲಿನ ತನಕ ಓಡಿಸಿದನೆಂದರೆ ಗಟ್ಟಿಯಾಯಿತು, ಆಮೇಲೆ ಲೋಕವೇ ಬಂದು ಬೈದರೂ ಒಂದು ಮೊಳೆ ಅಲುಗುವುದಿಲ್ಲ. ಬೇಕರಿಯ ವ್ಯಾನು ಬಂದಾಗ ಎಲ್ಲರೂ ಎಮ್ಮೆಯಂತಿದೆ ಎಂದರು. ಇಂದಿಗೂ ಅದು ತಿರುವು ಬಂದಲ್ಲೆಲ್ಲ ತಲೆ ಅಲ್ಲಾಡಿಸಿ ಒಂದು ಗಳಿಗೆ ಯೋಚಿಸುತ್ತದೆ. ಶಾಲೆಯ ಬಸ್ಸಿನ ಬಗ್ಗೆ ಯಾರೋ ಮೊದಲ ದಿನವೇ, ಇದು ಸಮಯಕ್ಕೆ ಬಂದಂತೆಯೇ, ಎಂದು ಮೂಗು ಮುರಿದರು. ಕೊನೆಗೆ ಹೆಡ್‌ಮಾಸ್ತರರು ಶಾಲೆಯ ಗಂಟೆಯನ್ನೇ ತಡವಾಗಿ ಬಾರಿಸಲು ಶುರುಮಾಡಿದರು. ಹಲ್ಲಿನ ಡಾಕ್ಟರ್ ಪದ್ಮಜಾ ಜವಳಿಯವರ ಸ್ಕೂಟರನ್ನು ಹೆಂಗಸರೆಲ್ಲ ಮುದ್ದಾಗಿದೆ ಎಂದು ಹೊಗಳಿ ಹೊಗಳಿ, ಅದು ಇಡ್ಲಿಯಷ್ಟು ದುಂಡಗಾಗಿ ಕೂತಿತು.

ಹೀಗಾಗಿ ಊರಿನವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಚಪ್ಪಡಿಕಲ್ಲಿನ ಲಾರಿಗಳನ್ನು ತೂಗುತ್ತಿದ್ದ ಹಳೆಯ ತೂಕದ ಕಟ್ಟೆಯ ಮೇಲೆ ಹೊಸ ವಾಹನವನ್ನು ನಿಲ್ಲಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಯಾರು ಬೇಕಾದರೂ ಬಂದು ಅಭಿಪ್ರಾಯ ಹೇಳಬಹುದು, ಒಡೆಯನನ್ನು ಬಿಟ್ಟು. ಒಡೆಯ ಕಟ್ಟೆಯ ಮೇಲೆ ತುಟಿ ಬಿಚ್ಚುವಂತಿಲ್ಲ. ವಾಹನವಾದರೋ ಪ್ರತಿಯೊಂದು ವಿಷಯದಲ್ಲೂ ದಿನದ ಕೊನೆಯ ಮಾತನ್ನೇ ನಂಬುತ್ತದೆ. ಆ ಕೊನೆಯ ಮಾತು ಸಂಘದ ಅಧ್ಯಕ್ಷರದು. ಬಹುಜನರ ಅಭಿಪ್ರಾಯವನ್ನು ಅವರು ಗಟ್ಟಿಯಾಗಿ ಸಾರುತ್ತಾರೆ, ತಾಡಪತ್ರಿ ಹೊದಿಸಿ ಹಗ್ಗ ಕಟ್ಟುತ್ತಾರೆ, ಆ ಹೊತ್ತಿನಲ್ಲಿ ಉಳಿದವರು ಮರ್ಯಾದೆಗೆಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಬಳಿಕ ಕಟ್ಟೆಯ ದೀಪ ಹತ್ತುತ್ತದೆ. ದೀಪ ಹತ್ತಿದ ಮೇಲೆ ವಾಹನದ ಕಿವಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಅದು ಕಳ್ಳತನ. ಸರವನ್ನೋ ಸೈಕಲ್ಲನ್ನೋ ಕದ್ದವನಿಗಿಂತ ಕೊನೆಯ ಮಾತನ್ನು ಕದ್ದವನನ್ನು ನಮ್ಮೂರು ಹೆಚ್ಚು ಆಡಿಕೊಳ್ಳುತ್ತದೆ.

ಆ ವಾರ ಕಟ್ಟೆಯ ಮೇಲಿದ್ದದ್ದು ನನ್ನ ಹೊಸ ಕ್ರೌಂಚ.

ಕ್ರೌಂಚವೆಂದರೆ ಊರೂರು ಸುತ್ತುವವರ ಮೋಟಾರ್‌ಸೈಕಲ್ಲು. ಓಟದಲ್ಲಿ ಚುರುಕು, ದೂರದ ದಾರಿಯಲ್ಲಿ ತಾಳ್ಮೆ, ಎರಡೂ ಬದಿಗೆ ಪೆಟ್ಟಿಗೆ ಕಟ್ಟಿದರೂ ಬಾಗುವಾಗ ಬಳುಕು. ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ನಾನು ಹಳೆಯ ಕ್ರೌಂಚದ ಪೆಟ್ಟಿಗೆಯಲ್ಲಿ ಸೂಜಿ, ಬಾಬಿನ್ನು, ಎಣ್ಣೆಡಬ್ಬಿ ತುಂಬಿಕೊಂಡು ಘಟ್ಟದಾಚೆಯ ಊರುಗಳನ್ನೆಲ್ಲ ತಿರುಗಿದವಳು. ಮೂರು ವರ್ಷದ ಹಿಂದೆ ಅಂಗಡಿಯ ಕಬ್ಬಿಣದ ಬಾಗಿಲು ಜಾರಿ ನನ್ನ ಎಡಗೈ ಮೇಲೆ ಬಿತ್ತು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಕ್ಲಚ್ಚಿನ ಹಿಡಿ ಒತ್ತಲಾರದವಳಿಗೆ ಕ್ರೌಂಚವೇಕೆ? ಫಕ್ರುಸಾಬನಿಗೆ ಕೊಟ್ಟುಬಿಟ್ಟೆ. ಅಂದಿನಿಂದ ನಾನು ಬಸ್ಸಿನ ಕಿಟಕಿಯಲ್ಲಿ ಕೂತು ಘಟ್ಟ ಏರುವುದು, ಅವನು ನನ್ನದೇ ಗಾಡಿಯಲ್ಲಿ ಹಾರನ್ ಹೊಡೆದು ಮುಂದೆ ಹೋಗುವುದು.

ಹೊಸ ಮಾದರಿ ಬರುತ್ತದೆ, ಅದರಲ್ಲಿ ಕ್ಲಚ್ಚಿನ ಹಿಡಿಯೇ ಇಲ್ಲ, ಬಲಗೈ ಹೆಬ್ಬೆರಳ ಗುಂಡಿಯೊತ್ತಿದರೆ ಗೇರು ತಾನಾಗಿ ಬದಲಾಗುತ್ತದೆ ಎಂದು ತಿಳಿದ ದಿನ ನಾನು ಶೇಷಗಿರಿಗೆ ಚಹಾದಲ್ಲಿ ಉಪ್ಪು ಹಾಕಿ ಕೊಟ್ಟೆ. ಅವರು ಕುಡಿದು ಮುಗಿಸಿ, “ತರಿಸು,” ಎಂದರು. ಹಾಗೆ ಬಂದದ್ದು ಅದು.

ಮೊದಲ ಮುಂಜಾನೆಯೇ ಸಂಘದವರೆಲ್ಲ ಕಟ್ಟೆ ತುಂಬಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಕಲ್ಲಿನ ಮೇಲೆ ಕೂತೆ. ಪಟ್ಟೇದರು ತಮ್ಮ ಹಳೆಯ ಕ್ರೌಂಚವನ್ನು ಎಂದಿನಂತೆ ತಳ್ಳಿಕೊಂಡು ಬಂದರು. ಊರಿಗೆ ಮೊಟ್ಟಮೊದಲ ಕ್ರೌಂಚ ತಂದವರು ಅವರು. ಎಪ್ಪತ್ತರ ಹತ್ತಿರದ ವಯಸ್ಸು, ಎಡಗೈಗೆ ಸದಾ ಚರ್ಮದ ಕೈಗವಸು.

“ಕಾಕಾ, ಗಾಡಿ ನಿಮ್ಮನ್ನ ಕರಕೊಂಡ ಬರೂದೋ, ನೀವು ಗಾಡೀನ್ನ ಕರಕೊಂಡ ಬರೂದೋ?” ಎಂದ ಫಕ್ರುಸಾಬ.

“ಹಳೇ ಎಂಜಿನ್ನು ಲೇ. ಮುಂಜಾನೆ ವಾಕಿಂಗ್ ಆಗ್ಬೇಕು ಅದಕ್ಕ,” ಎಂದರು ಪಟ್ಟೇದರು.

ಮಾತು ಶುರುವಾಯಿತು. ದೀಪದ ಕಣ್ಣು ತೀರಾ ಸಣ್ಣ, ನಿದ್ದೆಗೆಟ್ಟವರ ಹಾಗಿದೆ ಎಂದರು ಒಬ್ಬರು. ಬೂದು ಬಣ್ಣ ಒಲೆಯಿಂದ ಎತ್ತಿ ತಂದಂತಿದೆ ಎಂದರು ಇನ್ನೊಬ್ಬರು. ಮುಂದಿನ ವಾಹನವನ್ನು ಕಂಡರೆ ತಾನೇ ವೇಗ ತಗ್ಗಿಸುತ್ತದಂತೆ ಎಂದಾಗ ಫಕ್ರುಸಾಬ, “ನಮ್ಮ ಬೇಕರಿ ವ್ಯಾನಿನ ಹಿಂದ ಸಿಕ್ಕರ ಇದು ಅಲ್ಲೇ ಸಂಸಾರ ಹೂಡತೈತಿ,” ಎಂದ. ಆಸನ ಬೆಚ್ಚಗಾಗುವ ಸೌಕರ್ಯವಿದೆ ಎಂದು ಡಾಕ್ಟರ್ ಪದ್ಮಜಾ ಓದಿ ಹೇಳಿದಾಗ, ಈ ಚಪ್ಪಡಿಕಲ್ಲಿನ ಬಿಸಿಲಿನಲ್ಲಿ ಬೆಂದವರೆಲ್ಲ ಒಟ್ಟಿಗೆ ನಕ್ಕರು. ಮುಂದಿನ ಗಾಜು ಎತ್ತರಿಸಿದ್ದು ಒಳ್ಳೆಯದಾಯಿತು, ಪೆಟ್ಟಿಗೆಗಳ ಚಿಲಕ ಗಟ್ಟಿಯಾಗಿದೆ, ಹಿಂದೆ ಕೂರುವವರ ಬೆನ್ನಿಗೆ ಆಸರೆ ಕೊಟ್ಟವನ ತಾಯಿ ತಣ್ಣಗಿರಲಿ, ಎಂದು ಹೊಗಳಿಕೆಯೂ ಬಂತು. ಮಧ್ಯಾಹ್ನದ ಹೊತ್ತಿಗೆ ಬೂದಿಯಂಥ ಬಣ್ಣದೊಳಗಿನಿಂದ ಹಳೆಯ ಕಡುಹಸಿರು ಇಣುಕತೊಡಗಿತು. ನನಗೆ ಸಂತೋಷವೇ ಆಯಿತು. ಬೂದು ನನಗೂ ಹಿಡಿಸಿರಲಿಲ್ಲ.

ಆಮೇಲೆ ಯಾರೋ ಎಡಗಡೆಯ ಹಿಡಿಕೆಯನ್ನು ನೋಡಿದರು.

“ಕ್ಲಚ್ ಎಲ್ಲೈತ್ರಿ ಇದಕ್ಕ?”

“ಇಲ್ಲ. ಬೇಕಾಗಿಲ್ಲ,” ಎಂದರು ಪದ್ಮಜಾ.

“ಕ್ಲಚ್ ಬೇಕಾಗಿಲ್ಲದ್ದು ಮೋಟಾರ್‌ಸೈಕಲ್ ಅಲ್ಲ ಡಾಕ್ಟ್ರ, ಹೊಲಿಗಿ ಮಷಿನ್ನು,” ಎಂದ ಫಕ್ರುಸಾಬ. ನಕ್ಕವರು ಓರೆಗಣ್ಣಿನಿಂದ ನನ್ನ ಕಡೆ ನೋಡಿದರು. ಹೊಲಿಗೆ ಯಂತ್ರವೆಂದು ಕರೆದದ್ದರಿಂದ ನನಗೆ ನೋವಾಗಲಿಲ್ಲ. ಅದರಷ್ಟು ಮರ್ಯಾದಸ್ಥ ಯಂತ್ರವನ್ನು ನಾನು ಕಂಡಿಲ್ಲ. ಆದರೆ ಮಾತು ಹಬ್ಬಿತು. ಹಿಡಿ ಒತ್ತಿ, ಗೇರು ಹಾಕಿ, ಮೆಲ್ಲಗೆ ಬಿಟ್ಟಾಗ ಗಾಡಿ ಎದ್ದು ನಿಲ್ಲುತ್ತದಲ್ಲ, ಆ ಸುಖವೇ ಇಲ್ಲದ ಮೇಲೆ ಎಂಥ ಸವಾರಿ, ಎಂದರು. ಅವರು ಹೇಳುತ್ತಿದ್ದುದು ಸುಳ್ಳಲ್ಲ. ಆ ಸುಖವನ್ನು ನನ್ನಷ್ಟು ನೆನೆದವರು ಅಲ್ಲಿ ಯಾರಿದ್ದರು? ಸಂಜೆಯ ವೇಳೆಗೆ ಎಡ ಹಿಡಿಕೆಯ ಬುಡದಲ್ಲಿ ಹೆಸರುಕಾಳಿನ ಮೊಳಕೆಯಂಥದೊಂದು ಮೂಡಿತು. ಕ್ಲಚ್ಚಿನ ಹಿಡಿ ಮೊಳೆಯುತ್ತಿತ್ತು.

ಪಟ್ಟೇದರು ಎದ್ದುನಿಂತು ಸಾರಿದರು: “ಬಣ್ಣ ಹಸಿರಾಗಲಿ. ಕಣ್ಣು ದುಂಡಗಾಗಲಿ. ಕುಂದರೂ ಜಾಗ ತಣ್ಣಗಿರಲಿ. ಕ್ಲಚ್ಚು ಬರಲಿ.” ನಾವೆಲ್ಲ ಬೆನ್ನು ತಿರುಗಿಸಿದೆವು. ತಾಡಪತ್ರಿಯ ಸರಸರ ಸದ್ದು ನಿಂತಿತು, ದೀಪ ಹತ್ತಿತು. ಮನೆಗೆ ಬಂದ ನಾನು ಅನ್ನದ ಮುಂದೆ ಕೂತು ಎಡಗೈಯನ್ನೇ ನೋಡುತ್ತಿದ್ದೆ. ಶೇಷಗಿರಿ ನನ್ನ ತಟ್ಟೆಗೆ ತುಪ್ಪ ಹಾಕಿದರು.

ಮರುದಿನ ಬೆಳಿಗ್ಗೆ ತಾಡಪತ್ರಿ ಸರಿಸಿದಾಗ ಬಣ್ಣ ಹಸಿರಾಗಿತ್ತು, ಕಣ್ಣು ದುಂಡಗಾಗಿತ್ತು, ಆಸನ ತಣ್ಣಗಿತ್ತು. ಮೊಳಕೆ ಮಾತ್ರ ಮಾಯವಾಗಿತ್ತು. ಹಿಡಿಕೆಯ ಬುಡ ಮಗುವಿನ ಒಸಡಿನಂತೆ ನುಣ್ಣಗಿತ್ತು.

ಎರಡನೆಯ ದಿನವೂ ಹಾಗೆಯೇ. ಹಗಲೆಲ್ಲ ಬೈದರು, ಸಂಜೆಗೆ ಮೊಳಕೆ ಬೆರಳುದ್ದವಾಯಿತು, ಬೆಳಗಾಗುವಷ್ಟರಲ್ಲಿ ಇಲ್ಲ. ಯಾರೋ ಕೊನೆಯ ಮಾತನ್ನು ಕದಿಯುತ್ತಿದ್ದಾರೆ ಎಂಬುದು ಅಂಗಡಿ ಬೀದಿಯಲ್ಲೆಲ್ಲ ಹರಡಿತು. ಮೊದಲು ಅನುಮಾನ ನನ್ನ ಮೇಲೆ ಬಂತು, ಆಮೇಲೆ ಶೇಷಗಿರಿಯ ಮೇಲೆ. ಆ ಬಾಗಿಲು ಬಡಿದ ರಾತ್ರಿ ನಾವಿಬ್ಬರೂ ಪಾರಾದೆವು. ಅನುಮಾನ ಹೊಸದನ್ನೆಲ್ಲ ಹೊಗಳುವ ಡಾಕ್ಟರ್ ಪದ್ಮಜಾ ಮೇಲೆ ಹೊರಳಿತು. ಅವರು, “ನಾನು ದಿನಾ ಹಗಲೇ ಮೂವತ್ತು ಬಾಯಿಗೆ ಬುದ್ಧಿ ಹೇಳಿ ದಣೀತೀನಿ, ರಾತ್ರಿ ಗಾಡಿಗೂ ಹೇಳ್ಲೇನು?” ಎಂದು ಕೇಳಿದ ಮೇಲೆ ಅವರನ್ನೂ ಬಿಟ್ಟರು. ಕೊನೆಗೆ ಫಕ್ರುಸಾಬನೇ ಕಟ್ಟೆಯ ಸುತ್ತ ದಾರ ಕಟ್ಟಿ, ದಾರಕ್ಕೆಲ್ಲ ಎತ್ತಿನ ಗೆಜ್ಜೆ ಪೋಣಿಸಿ, ನಡುವೆ ಹಾಸಿಗೆ ಹಾಸಿ ಮಲಗಿದ. ಗೆಜ್ಜೆ ಒಮ್ಮೆಯೂ ಉಲಿಯಲಿಲ್ಲ. ಬೆಳಿಗ್ಗೆ ಮೊಳಕೆಯೂ ಇರಲಿಲ್ಲ.

“ಗೆಜ್ಜಿ ಕಟ್ಟಿದಾಂವನ ಕಳ್ಳ ಇರಬೇಕು,” ಎಂದರು ಯಾರೋ. ಫಕ್ರುಸಾಬನ ಮುಖ ಕೆಂಪಾಯಿತು. ನಗೆಯ ಮಾತು ಜಗಳದ ಅಂಚಿಗೆ ಬಂದದ್ದು ಆಗಲೇ.

ಸಂಘ ಸಭೆ ಸೇರಿ ತೀರ್ಮಾನಿಸಿತು. ವಾರ ಮುಗಿಯುವುದರೊಳಗೆ ಕಳ್ಳ ಸಿಕ್ಕು ಶಿಕ್ಷೆಯಾದರೆ ಪ್ರಕರಣ ಅಲ್ಲಿಗೆ ಮುಗಿಯಿತು, ಗಾಡಿ ಹೇಗಿದೆಯೋ ಹಾಗೆ ನನ್ನದು. ಸಿಗದಿದ್ದರೆ ಅದನ್ನು ಕಲ್ಲಿನ ಗೋದಾಮಿನೊಳಗೆ ಹಾಕಿ ಬೀಗ ಜಡಿಯಬೇಕು, ವಾರವನ್ನು ಹೊಸದಾಗಿ ಎಣಿಸಬೇಕು, ಅಧ್ಯಕ್ಷರಿಂದ ಹಿಡಿದು ಎಲ್ಲರೂ ಬಾಗಿಲಾಚೆ ನಿಂತೇ ಕೂಗಿ ಮಾತಾಡಬೇಕು. ಹಾಗಾದರೆ ಪಿಸುಮಾತು ಒಳಗೆ ಮುಟ್ಟುವುದಿಲ್ಲ. ಕ್ಲಚ್ಚು ಬರುವುದು ಖಂಡಿತ. ಶಿಕ್ಷೆ ಏನೆಂಬುದು ಮಾತ್ರ, ಪದ್ಧತಿಯಂತೆ, ಒಡತಿಯಾದ ನನ್ನ ಇಷ್ಟ.

ಕೊನೆಯ ದಿನದ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಕಟ್ಟೆಗೆ ಹೋದೆ. ಬಹುಶಃ ಕ್ಲಚ್ಚಿಲ್ಲದ ಕ್ರೌಂಚವನ್ನು ನೋಡುವುದು ಅದೇ ಕಡೆಯ ಬಾರಿ ಎನ್ನಿಸಿತ್ತು. ಗೆಜ್ಜೆಯ ದಾರದೊಳಗೆ ಫಕ್ರುಸಾಬ ಬಾಯಿ ತೆರೆದು ನಿದ್ರಿಸುತ್ತಿದ್ದ. ಸದ್ದಾಗದಂತೆ ದಾಟಿ ತಾಡಪತ್ರಿಯ ಹತ್ತಿರ ನಿಂತೆ. ಅದರ ನಾಲ್ಕು ಮೂಲೆಗೂ ಹಗ್ಗದ ಗಂಟುಗಳಿದ್ದವು. ಗಂಟು ಸಡಿಲವಾಗಿದ್ದುದನ್ನು ಹಿಂದೆಯೂ ಹಲವರು ಗಮನಿಸಿದ್ದರು. ಕಳ್ಳ ಬಿಚ್ಚಿ ಅವಸರದಲ್ಲಿ ಮತ್ತೆ ಕಟ್ಟಿದ್ದಾನೆ ಎಂದು ಮಾತಾಡಿಕೊಂಡಿದ್ದರು. ನಾನು ದಾರದ ಕಸುಬಿನವಳು. ಬಾಗಿ ನೋಡಿದೆ. ಅದು ಅವಸರದ ಗಂಟಾಗಿರಲಿಲ್ಲ. ಹಗ್ಗದ ಒಂದು ತುದಿ ಹಲ್ಲಿನ ಗುರುತು ಬಿದ್ದು ಚಪ್ಪಟೆಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಒಂದೇ ಕೈಯಿಂದ ಸುತ್ತಿ, ಕೆಳಗಿನಿಂದ ಸಿಕ್ಕಿಸಿದ ಗಂಟು. ನಿಧಾನವಾಗಿ, ಅಭ್ಯಾಸವಾದ ಕೈಯಿಂದ ಹಾಕಿದ್ದು. ಆ ಗಂಟು ನನಗೆ ಗೊತ್ತಿತ್ತು. ಮೂರು ವರ್ಷದಿಂದ ನನ್ನ ಸಾಮಾನಿನ ಗಂಟು, ಲಂಗದ ಲಾಡಿ, ಮೊಸರಿನ ಬಟ್ಟೆ ಎಲ್ಲವನ್ನೂ ನಾನು ಹಾಗೆಯೇ ಕಟ್ಟುತ್ತಿದ್ದೇನೆ.

ಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಾತಾಡುವಂತಿರಲಿಲ್ಲವಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಸಂಜೆ ಇಡೀ ಊರು ನೆರೆಯಿತು. ಗೋದಾಮಿನ ಬೀಗವನ್ನು ಯಾರೋ ಎಣ್ಣೆ ಹಾಕಿ ತಂದಿಟ್ಟಿದ್ದರು. ನಾನು ಕಟ್ಟೆಯಿಂದ ಕೆಳಗಿಳಿದು, ಮಾತಾಡುವ ಹಕ್ಕಿರುವ ಬೀದಿಯಲ್ಲಿ ನಿಂತು ಹೇಳಿದೆ: “ಕಳ್ಳ ಯಾರಂತ ನನಗ ಗೊತ್ತೈತಿ. ಕೀಲಿ ಕೊಡ್ರಿ. ಗಡಿಕಲ್ಲು ಮುಟ್ಟಿ ಬಂದು ಹೆಸರು ಹೇಳ್ತೀನಿ.”

“ಗಡಿಕಲ್ಲು ಮುಟ್ಟಿದ್ರ ಗಾಡಿ ಗಟ್ಟಿ ಆಗಿಬಿಡ್ತೈತಿ. ಆಮ್ಯಾಲ ನೀವು ಹೆಸರು ಹೇಳಲಿಲ್ಲಂದ್ರ?” ಎಂದ ಒಬ್ಬ.

“ಗಾಡೀನೂ ನಿಮ್ಮದು, ನನ್ನ ಅಂಗಡೀನೂ ನಿಮ್ಮದು.”

ಗುಸುಗುಸು ಎದ್ದಿತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಪಟ್ಟೇದರು ಎಡಗೈಯ ಕೈಗವಸನ್ನು ಮೇಲಕ್ಕೆಳೆದುಕೊಂಡು, “ಕೀಲಿ ಕೊಡ್ರಿ,” ಎಂದರು.

ಶೇಷಗಿರಿ ಹಿಂದಿನ ಆಸನಕ್ಕೆ ಬರಬೇಕೆಂದು ನಾನು ಕರೆಯಲಿಲ್ಲ, ಅವರೂ ಕೇಳಲಿಲ್ಲ. ನನ್ನ ಹಳೆಯ ಹೆಲ್ಮೆಟ್ಟನ್ನು ಧೂಳು ಕೊಡವಿ ತಂದಿದ್ದರು. ಪಟ್ಟಿಯನ್ನು ಅವರೇ ಬಿಗಿದರು. ನಾನು ಗುಂಡಿಯೊತ್ತಿದೆ. ಕ್ರೌಂಚ ಗಂಟಲು ಸರಿಮಾಡಿಕೊಂಡು ಎದ್ದಿತು. ಹೆಬ್ಬೆರಳಿಂದ ಗೇರು ಬಿತ್ತು. ಎಡಗೈ ಹಿಡಿಕೆಯ ಮೇಲೆ ಮದುವೆಮನೆಯ ಅತಿಥಿಯಂತೆ ಸುಮ್ಮನೆ ಕೂತಿತ್ತು. ಸಂತೆಬೀದಿ ಸರಿಯಿತು, ಕಲ್ಲಿನ ರಾಶಿಗಳು ಸರಿದವು, ಮೊದಲ ತಿರುವು ಎದುರಾಯಿತು. ಮೂರು ವರ್ಷ ಬಸ್ಸಿನ ಕಿಟಕಿಯಿಂದ ಪಕ್ಕಕ್ಕೆ ಓಡುವುದನ್ನೇ ನೋಡಿದ್ದ ಬೆಟ್ಟ ಈಗ ನೇರ ನನ್ನ ಮುಂದೆ ನಿಂತಿತ್ತು. ಬಾಗಿದೆ. ಗಾಡಿಯೂ ಬಾಗಿತು. ಮರೆತಿದ್ದೇನೆಂದು ಭಯಪಟ್ಟದ್ದೆಲ್ಲ ಮೈಗೆ ನೆನಪಿತ್ತು. ಎಲ್ಲಿ ವೇಗ ಬಿಡಬೇಕು, ಎಲ್ಲಿ ಹಿಡಿಯಬೇಕು, ಯಾವ ತಿರುವಿನಲ್ಲಿ ತಂಗಾಳಿ ಕಾದಿರುತ್ತದೆ ಎಲ್ಲವೂ. ಹೆಲ್ಮೆಟ್ಟಿನೊಳಗೆ ಯಾರೋ ಜೋರಾಗಿ ಹಾಡುತ್ತಿದ್ದರು. ಎರಡು ತಿರುವು ಕಳೆದ ಮೇಲೆ ಅದು ನಾನೇ ಎಂದು ತಿಳಿಯಿತು. ಗಡಿಕಲ್ಲನ್ನು ಎಡಗೈಯಿಂದಲೇ ಮುಟ್ಟಿದೆ. ಗಾಡಿಯ ಟ್ಯಾಂಕಿನ ಮೇಲೆ ಅದೇ ಕೈಯಿಟ್ಟು, ಆ ವಾರದಲ್ಲಿ ಮೊದಲ ಸಲ ಅದರೊಡನೆ ಮಾತಾಡಿದೆ. “ಇನ್ನ ಯಾರ ಮಾತೂ ಕೇಳಬ್ಯಾಡ,” ಎಂದೆ.

ನಾನು ಹಿಂತಿರುಗಿದಾಗ ಬಿಸಿಲು ಕಲ್ಲಿನ ರಾಶಿಗಳ ತುದಿಯಲ್ಲಿತ್ತು. ಜನ ಒಬ್ಬರೂ ಕದಲಿರಲಿಲ್ಲ. ನಿಲ್ಲಿಸಿದೆ. ಫಕ್ರುಸಾಬ ಸುತ್ತು ಬಂದು, ಹಿಡಿಕೆ ಮುಟ್ಟಿ, “ಗಟ್ಟಿ ಆತು,” ಎಂದ. ಆಮೇಲೆ ತಡೆಯಲಾರದೆ, “ತಿರುವಿನ್ಯಾಗ ಹೆಂಗೈತಿ ಅಕ್ಕ?” ಎಂದು ಕೇಳಿದ.

“ನಿನ್ನ ಗಾಡಿಗಿಂತ ಚಲೋ ಐತಿ.”

“ಅದು ನಿಮ್ಮದ ಗಾಡಿ ಇತ್ತಲ್ರಿ.”

“ಅದಕ್ಕ ಗೊತ್ತು.”

ಜನ ನಕ್ಕರು. ಹೊಲಿಗೆ ಯಂತ್ರವೆಂದು ಹಂಗಿಸಿದವರು ಒಬ್ಬರನ್ನೊಬ್ಬರು ಮೊಣಕೈಯಿಂದ ತಳ್ಳುತ್ತ ಹತ್ತಿರ ಬಂದು ಗುಂಡಿಯನ್ನು ಕದ್ದು ನೋಡಿದರು.

“ಹೆಸರು,” ಎಂದರು ಯಾರೋ ಹಿಂದಿನಿಂದ.

“ಮೊದಲ ಶಿಕ್ಷಾ ಹೇಳ್ತೀನಿ, ಆಮ್ಯಾಲ ಹೆಸರು.”

“ಶಿಕ್ಷಾ ಬಿಗಿ ಇರಬೇಕು. ಯಾರ ಆಗಿರಲಿ, ರಿಯಾಯಿತಿ ಬ್ಯಾಡ,” ಎಂದರು ಪಟ್ಟೇದರು. ಅವರ ಧ್ವನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

“ರಿಯಾಯಿತಿ ಇಲ್ಲ,” ಎಂದೆ. “ನೀವೆಲ್ಲಾ ದೀಪ ಹಚ್ಚಿದ ಮ್ಯಾಲ ಬರೂ ಕಳ್ಳನ್ನ ಕಾಯ್ದ್ರಿ. ಅಂವ ದೀಪ ಹಚ್ಚೂದಕ್ಕಿಂತ ಮೊದಲ, ನಾವೆಲ್ಲಾ ಬೆನ್ನು ತಿರುಗಿಸಿ ನಿಂತಾಗ ಕೆಲಸ ಮುಗಿಸಿದ್ದ. ಶಿಕ್ಷಾ ಏನಂದ್ರ, ಅಂವ ಈಗಿಂದೀಗ ಈ ಗಾಡಿ ಏರಬೇಕು. ಎಲ್ಲಾರೂ ನೋಡ್ತಿರಬೇಕು, ಅಂವ ಗಡಿಕಲ್ಲಿನ ತನಕ ಹೋಗಿ ಬರಬೇಕು. ಎಡಗೈಗೆ ಏನೂ ಕೆಲಸ ಇಲ್ಲ, ಸುಮ್ನ ಇಟ್ಕೊಂಡ್ರ ಸಾಕು. ಇನ್ನ ಮ್ಯಾಲ ಪ್ರತಿ ವಾರ ಹಿಂಗ. ನಾನು ಸಾಕು ಅನ್ನೂತನಕ ತನ್ನ ಗಾಡಿ ತಳ್ಳಿಕೊಂಡ ಅಡ್ಡಾಡಬಾರದು.”

ಗುಂಪಿನಲ್ಲಿ ಒಬ್ಬೊಬ್ಬರಾಗಿ ತಲೆ ತಿರುಗಿಸಿದರು. ಫಕ್ರುಸಾಬನ ಬಾಯಿ ಬೆಳಿಗ್ಗೆ ನಿದ್ದೆಯಲ್ಲಿದ್ದ ಹಾಗೆಯೇ ತೆರೆದುಕೊಂಡಿತು. ಎಲ್ಲರ ಕಣ್ಣು ಹೋದ ಕಡೆಯಲ್ಲಿ ಒಬ್ಬರು ಬಲಗೈಯಿಂದ ಮೆಲ್ಲಗೆ, ಬೆರಳು ಬೆರಳಾಗಿ, ಮಡಚಲು ಬಾರದ ಎಡಗೈಯ ಕೈಗವಸನ್ನು ಕಳಚುತ್ತಿದ್ದರು. ಅವರ ತುಟಿಯಂಚಿನಲ್ಲಿ, ಕಟ್ಟೆಯ ಮೇಲೆ ಇಷ್ಟು ವರ್ಷದಲ್ಲಿ ಯಾರೂ ಕಾಣದಿದ್ದ ನಗೆಯೊಂದು ಅಂಜುತ್ತಂಜುತ್ತ ಮೂಡುತ್ತಿತ್ತು.

ನಾನು ಕೀಲಿಯನ್ನು ಮುಂದೆ ಚಾಚಿ ಹೆಸರು ಹೇಳಿದೆ.

“ಪರಪ್ಪ ಪಟ್ಟೇದ.”